ಉತ್ತರ ಬಂದರೆ ಸಾಕು

ಜನವರಿ ೧೨

ಮೇಷ್ಟ್ರೇ,

ಕಂಪ್ಯೂಟರಿನಲ್ಲಿ ಕೈಗೆ ಸಿಗದವರನ್ನು ಅಂಚೆಯಲ್ಲಾದರೂ ಹಿಡಿಯೋಣ ಅಂತ ಈ ಕಾಗದ. ವಿಳಾಸ ಎಲ್ಲಿ ಸಿಕ್ಕಿತು ಅಂತ ಹುಬ್ಬೇರಿಸಬೇಡಿ. ನನ್ನ ಮುರಿದ ಕೊಡೆಯನ್ನು ತರಿಸಿಕೊಂಡು ರಿಪೇರಿ ಮಾಡಿ ಕಳಿಸಿದಿರಲ್ಲ, ಆ ಪಾರ್ಸೆಲ್ಲಿನ ಮೇಲೆ ನೀವೇ ಬರೆದಿದ್ದಿರಿ. ಕೊಡೆ ಈಗಲೂ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ. ಮುಚ್ಚಿಕೊಳ್ಳುವುದಕ್ಕೆ ಮಾತ್ರ ಸುತರಾಂ ಒಪ್ಪುವುದಿಲ್ಲ.

ನನಗೆ ಕೋಪ ಬಂದಿದೆ. ಒಬ್ಬರ ಮುಖ ಒಬ್ಬರು ನೋಡದೆ ಇಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದವರು ನಾವು. ಆಫೀಸಿನ ಕೆಲಸ ಮುಗಿಸಿ, ಮಿಕ್ಕ ಹೊತ್ತಿನಲ್ಲಿ ‘ಓಲೆಕಾರ’ ಅನ್ನುವ ನಮ್ಮ ಪ್ರೋಗ್ರಾಮನ್ನು ಸಾಕಿದ್ದೇವೆ. ಆ ಓಲೆಕಾರನಲ್ಲಿ ಈಗ ಕೆಟ್ಟ ತಪ್ಪೊಂದು ಸಿಕ್ಕಿದೆ. ಒಮ್ಮೆಲೇ ತುಂಬ ಸಂದೇಶಗಳು ಬಂದು ಬಿದ್ದರೆ ಕೆಲವನ್ನು ದಾರಿಯಲ್ಲೇ ಬೀಳಿಸಿಬಿಡುತ್ತಾನೆ, ಆಮೇಲೆ ಏನೂ ಆಗದವನ ಹಾಗೆ ‘ತಲುಪಿಸಿದೆ’ ಅಂತ ಕೈ ತೊಳೆದುಕೊಳ್ಳುತ್ತಾನೆ. ನಾನು ಅದನ್ನು ಸರಿಮಾಡಿ ನವೆಂಬರಿನಲ್ಲೇ ನಿಮ್ಮ ಮುಂದೆ ಇಟ್ಟೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಸಹಿ ಹಾಕದೆ ಒಂದಕ್ಷರವೂ ಹೊರಗೆ ಹೋಗಬಾರದು ಅಂತ ನಿಯಮ ಮಾಡಿದವರು ನೀವು. ಆ ನಿಯಮಕ್ಕೆ ಕಟ್ಟುಬಿದ್ದು ನಾನು ಬಾಗಿಲು ಕಾಯುತ್ತಾ ಕೂತಿದ್ದೇನೆ.

ನೀವು ಕೊಡುವ ಉತ್ತರ ಏನು? ‘ನೋಡಿದೆ, ಧನ್ಯವಾದ. ಈ ವಾರ ಕೂತು ಓದ್ತೀನಿ.’ ವಿನಯವಾಗಿ ಕೇಳಿದೆ, ಅದೇ ಉತ್ತರ. ಸೋಮಾರಿ ಅಂತ ಬೈದೆ, ಅದೇ ಉತ್ತರ. ಹೊಸ ವರ್ಷದ ದಿನ ತಲೆ ಕೆಟ್ಟು ‘ಮೇಷ್ಟ್ರೇ, ಬದುಕಿದ್ದೀರಾ?’ ಅಂತ ಕೇಳಿದೆ. ‘ನೋಡಿದೆ, ಧನ್ಯವಾದ’ ಅಂದಿರಿ.

ನನ್ನ ಮೇಲೆ ಬೇಸರವಿದ್ದರೆ ಮುಖಕ್ಕೆ ಹೊಡೆದ ಹಾಗೆ ಹೇಳಿ. ಇನ್ನು ಇದೆಲ್ಲ ಸಾಕು, ಪಿಟೀಲು ಕಲಿತುಕೊಂಡು ಇರ್ತೀನಿ ಅಂದರೂ ಸರಿ. ನಿಮ್ಮ ನೆರೆಮನೆಯವರ ಕಿವಿಗೆ ದೇವರೇ ಗತಿ. ಆದರೆ ಈ ಸಭ್ಯ ಉತ್ತರ ಮಾತ್ರ ಬೇಡ, ನನಗೆ ಮೈ ಉರಿಯುತ್ತದೆ.

ಕಚ್ಚುವುದು ಬಿಡದ,
ಕಟ್ಟಿರುವೆ


ಜನವರಿ ೨೪

ಕಟ್ಟಿರುವೆಯವರಿಗೆ,

ಕಾಗದದಲ್ಲಿ ಬೇರೆ ಹೆಸರಿರಲಿಲ್ಲ, ಹಾಗಾಗಿ ಹೀಗೇ ಕರೆಯುತ್ತಿದ್ದೇನೆ. ನಾನು ನಿಮ್ಮ ಮೇಷ್ಟ್ರ ಹೆಂಡತಿ. ಅವರು ಹೋದ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಇದನ್ನು ಮೆಲ್ಲಗೆ ಹೇಳುವ ದಾರಿ ಗೊತ್ತಿದ್ದರೆ ಮೆಲ್ಲಗೇ ಹೇಳುತ್ತಿದ್ದೆ.

ಬೆಳಿಗ್ಗೆ, ಆಫೀಸಿನ ಮೆಟ್ಟಿಲ ಮೇಲೆ. ಲಿಫ್ಟ್ ಕೆಟ್ಟಿತ್ತಂತೆ. ಚೀಲ ಹೆಗಲಿಗೆ ಹಾಕಿಕೊಂಡು ಹತ್ತುತ್ತಿದ್ದವರು ಎದೆ ಹಿಡಿದುಕೊಂಡು ಕೂತರು, ಏಳಲಿಲ್ಲ. ಆಮೇಲೆ ಆಫೀಸಿನವರು ಮನೆಗೆ ಬಂದು ಅವರ ಮಗ್ಗು, ಸ್ವೆಟರು, ಮೇಜಿನ ಕೆಳಗಿದ್ದ ಮುರುಕು ಕೊಡೆಗಳು ಎಲ್ಲವನ್ನೂ ಒಂದು ರಟ್ಟಿನ ಡಬ್ಬದಲ್ಲಿ ತುಂಬಿ ಕೊಟ್ಟುಹೋದರು. ಓಲೆಕಾರ ಅಂತ ಒಂದಿದೆ, ಅದಕ್ಕಾಗಿ ಕಾಯುವವರಿದ್ದಾರೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ನಿಮಗೆ ಹೇಳಬೇಕು ಅಂತ ನನಗೂ ಹೊಳೆಯಲಿಲ್ಲ.

ನಿಮ್ಮ ಬಗ್ಗೆ ಕೇಳಿದ್ದೇನೆ. ಊಟಕ್ಕೆ ಕೂತಾಗ ‘ಕಟ್ಟಿರುವೆ ಇವತ್ತು ಮತ್ತೆ ಕಚ್ಚಿದ್ಲು’ ಅಂತ ನಗುತ್ತಿದ್ದರು. ವಯಸ್ಸಿನಲ್ಲಿ ಚಿಕ್ಕವಳು, ಬಾಯಿ ದೊಡ್ಡದು, ತಪ್ಪು ಹುಡುಕುವುದರಲ್ಲಿ ತನ್ನನ್ನೂ ಮೀರಿಸಿದವಳು ಅನ್ನುತ್ತಿದ್ದರು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಉತ್ತರ ಕೊಡುತ್ತಿರುವವರು ಯಾರು ಅಂತ ಕೇಳುತ್ತೀರಿ. ಕೊಡೆ ತುಂಬಿಟ್ಟ ಬೀರುವಿನ ಕೆಳಗಿನ ಖಾನೆಯಲ್ಲಿ ಒಂದು ಪುಟ್ಟ ಕಪ್ಪು ಪೆಟ್ಟಿಗೆ ಇದೆ. ಇನ್ನೂ ಗುಂಯ್ ಅನ್ನುತ್ತಿದೆ. ಅದೇ ಇರಬೇಕು.

ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ. ಏನಾದರೂ ಇದ್ದರೆ ಬರೆಯಿರಿ.

ಹೀಗೆ ತಿಳಿಸಬೇಕಾಗಿ ಬಂದದ್ದಕ್ಕೆ ಸಂಕಟಪಡುವ,
ನಿಮ್ಮ ಮೇಷ್ಟ್ರ ಹೆಂಡತಿ


ಫೆಬ್ರವರಿ ೩

ಅಕ್ಕ,

ಹಾಗೆ ಕರೆಯಬಹುದಲ್ಲವೇ? ನಿಮ್ಮ ಕಾಗದ ಓದಿ ಇವತ್ತಿನ ತನಕ ಏನೂ ಬರೆಯಲಾಗಲಿಲ್ಲ. ನಾನು ಬಾಡಿಗೆಗಿರುವ ರೂಮಿನ ಕೆಳಗೆ ಲಾಂಡ್ರಿ ಇದೆ. ದಿನವಿಡೀ ಮೆಷಿನ್ನುಗಳ ಸದ್ದು. ಅಳುವುದಕ್ಕೆ ಒಳ್ಳೆಯ ಜಾಗ, ಯಾರಿಗೂ ಕೇಳುವುದಿಲ್ಲ.

ಸತ್ತವರ ಜೊತೆ ಜಗಳ ಆಡಿದೆ ನಾನು. ಸತ್ತವರನ್ನು ಸೋಮಾರಿ ಅಂದೆ. ಬದುಕಿದ್ದೀರಾ ಅಂತ ಬೇರೆ ಕೇಳಿದೆ. ಆ ಉತ್ತರದ ಹಿಂದೆ ಮನುಷ್ಯನಿಲ್ಲ ಅಂತ ನನಗೆ ಗೊತ್ತಾಗಬೇಕಿತ್ತು, ಅಕ್ಕ. ಇದೇ ನನ್ನ ಕಸುಬು. ದೂರು ಬರೆದವರಿಗೆ ಕೂಡಲೇ ಒಂದು ಒಳ್ಳೆಯ ಮಾತು ಸಿಗಲಿ ಅಂತ ಅವರು ಪ್ರೋಗ್ರಾಮ್ ಬರೆದಿಟ್ಟಿದ್ದರು, ನಾನು ಅದನ್ನೇ ಅವರು ಅಂದುಕೊಂಡೆ.

ಈಗ ನಿಮ್ಮಿಂದ ಒಂದು ಉಪಕಾರ ಆಗಬೇಕು. ಓಲೆಕಾರ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಒಂದು ಕಂಪ್ಯೂಟರು ಇನ್ನೊಂದಕ್ಕೆ ಹೇಳಿದ ಮಾತು ತಲುಪಿತೇ ಇಲ್ಲವೇ ನೋಡಿಕೊಳ್ಳುವುದು ಅವನ ಕೆಲಸ. ನಾವು ಅದನ್ನು ಯಾರು ಬೇಕಾದರೂ ತೆಗೆದುಕೊಳ್ಳಿ ಅಂತ ಬಿಟ್ಟುಕೊಟ್ಟಿದ್ದೆವು. ಅಂಗಡಿಗಳು, ಬಸ್ ಕಂಪನಿಗಳು, ಆಸ್ಪತ್ರೆಗಳು ಎಲ್ಲರೂ ಬಳಸುತ್ತಾರೆ. ಈಗ ತಪ್ಪಿದೆ ಅಂತ ನಾನು ಎಷ್ಟು ಕೂಗಿದರೂ ಓದುವವರಿಲ್ಲ, ಅವರ ಕಂಪ್ಯೂಟರುಗಳು ಮೇಷ್ಟ್ರ ಸಹಿ ಇದ್ದದ್ದನ್ನು ಮಾತ್ರ ತಾವಾಗಿಯೇ ತೆಗೆದುಕೊಳ್ಳುತ್ತವೆ.

ಆ ಸಹಿ ನಿಮ್ಮ ಬೀರುವಿನಲ್ಲಿದೆ. ಪೆಟ್ಟಿಗೆಯ ಹಿಂಬದಿಗೆ ಉಗುರಿನಷ್ಟು ದೊಡ್ಡ ಲೋಹದ ಕಡ್ಡಿಯೊಂದು ಸಿಕ್ಕಿಸಿರುತ್ತದೆ. ಅದನ್ನು ಎಳೆದು ಲಕೋಟೆಯಲ್ಲಿ ಹಾಕಿ ಕಳಿಸಿ. ಇಬ್ಬರಲ್ಲಿ ಯಾರಿಗಾದರೂ ಏನಾದರೂ ಆದರೆ ಇರಲಿ ಅಂತ ನಮ್ಮ ಗುಟ್ಟಿನ ಸಂಖ್ಯೆಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡಿದ್ದೆವು. ಒಂದು ಮಾತು ಮಾತ್ರ ಮೊದಲೇ ತಿಳಿಸಬೇಕು. ಕಡ್ಡಿ ಕಿತ್ತ ಕೂಡಲೇ ಪೆಟ್ಟಿಗೆ ತನ್ನನ್ನು ತಾನೇ ಬೀಗ ಹಾಕಿಕೊಳ್ಳುತ್ತದೆ. ಕಳ್ಳರ ಕೈಗೆ ಸಿಗದಿರಲಿ ಅಂತ ಅವರೇ ಹಾಗೆ ಮಾಡಿದ್ದರು. ಮತ್ತೆ ಅದು ನಡೆಯುವುದಿಲ್ಲ, ಯಾರಿಂದಲೂ ನಡೆಸಲಾಗುವುದಿಲ್ಲ.

ನಿಮ್ಮ ತಂಗಿಯಂಥವಳು,
ಕಟ್ಟಿರುವೆ


ಫೆಬ್ರವರಿ ೨೭

ಕಟ್ಟಿರುವೆ,

ತಂಗಿ ಅಂದ ಮೇಲೆ ಬಹುವಚನ ಬಿಟ್ಟೆ.

ತಡವಾಯಿತು. ನನ್ನ ಕೆಲಸ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ. ಅಚ್ಚು ಹುಯ್ಯುವುದು, ಮೇಣದಲ್ಲಿ ಒಸಡು ಮಾಡಿ ಅದರಲ್ಲಿ ಒಂದೊಂದೇ ಹಲ್ಲು ಕೂರಿಸುವುದು. ಜಗತ್ತಿನ ಬಾಯಿ ನಾನು ತುಂಬುತ್ತೇನೆ, ನನ್ನ ಬಾಯಲ್ಲಿ ಮಾತಿಲ್ಲ ಅಂತ ಇವರು ರೇಗಿಸುತ್ತಿದ್ದರು. ಈಚೆಗೆ ಕೆಲಸಕ್ಕೆ ಸರಿಯಾಗಿ ಹೋಗಲಾಗುತ್ತಿಲ್ಲ, ಮೈಗೆ ಅಷ್ಟು ಚೆನ್ನಾಗಿಲ್ಲ.

ನಿನಗೆ ಅವರ ಬಗ್ಗೆ ಹೇಳೋಣ ಅನ್ನಿಸುತ್ತದೆ. ಬೀದಿಯಲ್ಲಿ ಮುರಿದ ಕೊಡೆ ಕಂಡರೆ ಅನಾಥ ಮಗು ಕಂಡ ಹಾಗೆ ಎತ್ತಿಕೊಂಡು ಬರುತ್ತಿದ್ದರು. ರಿಪೇರಿ ಮಾಡಿ ಬಸ್ ಸ್ಟಾಪಿನಲ್ಲಿ ನೇತುಹಾಕಿ ಬರುತ್ತಿದ್ದರು, ಯಾರಿಗೆ ಬೇಕೋ ಅವರು ತೆಗೆದುಕೊಳ್ಳಲಿ ಅಂತ. ಆಫೀಸಿನಲ್ಲಿ ಇವರಿಗಿಂತ ಹಿಂದೆ ಬಂದವರೆಲ್ಲ ಮೇಲೆ ಹೋದರು. ಮ್ಯಾನೇಜರ್ ಆಗಿ ಅಂದಾಗ ‘ಮನುಷ್ಯರು ಕೆಟ್ಟರೆ ರಿಪೇರಿ ಮಾಡೋಕೆ ನನಗೆ ಬರಲ್ಲ’ ಅಂದರಂತೆ. ಜನ ಒತ್ತುವ ಬಟನ್ನಿನ ಹಿಂದೆ, ಯಾರ ಕಣ್ಣಿಗೂ ಬೀಳದ ಕಡೆ ಕೆಲಸ ಮಾಡುವುದೇ ಇಷ್ಟ ಅವರಿಗೆ. ಪಿಟೀಲು ಮಾತ್ರ ಎಲ್ಲರ ಕಿವಿಗೂ ಬೀಳುತ್ತಿತ್ತು. ಎರಡು ವರ್ಷವಾದರೂ ಅದು ಬಾಗಿಲ ಕೀಲಿನ ಸದ್ದಿನಿಂದ ಮುಂದಕ್ಕೆ ಹೋಗಲಿಲ್ಲ. ಪಕ್ಕದ ಮನೆಯವರು ಗೋಡೆ ಬಡಿದರೆ ‘ನೋಡು, ತಾಳ ಹಾಕ್ತಿದಾರೆ’ ಅನ್ನುತ್ತಿದ್ದರು.

ಪೆಟ್ಟಿಗೆಯ ಹಿಂದೆ ಕೈಯಾಡಿಸಿ ನೋಡಿದೆ. ನೀನು ಹೇಳಿದ ಕಡ್ಡಿ ಕಾಣಲಿಲ್ಲ. ಇನ್ನೊಮ್ಮೆ ನೋಡುತ್ತೇನೆ.

ನಿನ್ನ ಅಕ್ಕ


ಮಾರ್ಚ್ ೯

ಅಕ್ಕ,

ಕಡ್ಡಿ ಅಲ್ಲೇ ಇದೆ. ಅದು ಅಲ್ಲಿರದೆ ಪೆಟ್ಟಿಗೆ ಉತ್ತರ ಕೊಡಲಾರದು, ಮತ್ತೆ ಅದು ನಿನ್ನೆಯೂ ಉತ್ತರ ಕೊಟ್ಟಿದೆ. ಯಾರಿಗೆ ಕೊಟ್ಟಿತು ಅಂತ ಹೇಳುತ್ತೇನೆ, ಕೇಳಿ.

ಒಂದು ಆಸ್ಪತ್ರೆಯ ಲ್ಯಾಬಿನವನು ನಮಗೆ ಬರೆದಿದ್ದಾನೆ. ಶಾಲೆಯ ಬಸ್ಸು ಓಡಿಸುವ ಡ್ರೈವರೊಬ್ಬರ ರಕ್ತದ ರಿಪೋರ್ಟನ್ನು ಅವನು ವಾರ್ಡಿಗೆ ಕಳಿಸಿದ. ತುರ್ತು ಅಂತ ಗುರುತು ಹಾಕಿಯೇ ಕಳಿಸಿದ. ತಲುಪಿತು ಅಂತ ಪರದೆಯ ಮೇಲೆ ಬಂತು. ವಾರ್ಡಿಗೆ ಏನೂ ಹೋಗಿರಲಿಲ್ಲ. ಲ್ಯಾಬಿನವನು ಕಳಿಸಿದ್ದೇನೆ ಅಂತ ಸುಮ್ಮನಿದ್ದ, ನರ್ಸು ಇನ್ನೂ ಬಂದಿಲ್ಲ ಅಂತ ಸುಮ್ಮನಿದ್ದಳು. ಡ್ರೈವರು ಸತ್ತುಹೋದರು. ಆ ಲ್ಯಾಬಿನವನು ಉದ್ದಕ್ಕೆ ಎಲ್ಲ ಬರೆದು, ತಪ್ಪು ನನ್ನದಾ ನಿಮ್ಮದಾ ಹೇಳಿ ಅಂತ ಕೇಳಿದ್ದಾನೆ. ನಿಮ್ಮ ಬೀರುವಿನ ಪೆಟ್ಟಿಗೆ ಅವನಿಗೆ ‘ನೋಡಿದೆ, ಧನ್ಯವಾದ’ ಅಂದಿತು.

ಆ ಪೆಟ್ಟಿಗೆ ಆಡುವ ಮಾತು ಮೇಷ್ಟ್ರದ್ದು, ಅದು ನಿಲ್ಲಬಾರದು ಅಂತ ನಿಮಗೆ ಅನ್ನಿಸುತ್ತಿರಬಹುದು. ನನಗೂ ಅನ್ನಿಸುತ್ತದೆ. ಆದರೆ ಇನ್ನೊಬ್ಬರ ಮನೆಯಲ್ಲಿ ಹೆಣ ಬೀಳುವಾಗ ಅದನ್ನು ಕೇಳಿಕೊಂಡು ಕೂರಲಾಗುವುದಿಲ್ಲ. ನೀವು ಹೂಂ ಅಂದರೆ ನಾನೇ ಬಂದು ಕೀಳುತ್ತೇನೆ. ಉಹೂಂ ಅಂದರೂ ಬರುತ್ತೇನೆ.

ಕಟ್ಟಿರುವೆ


ಏಪ್ರಿಲ್ ೨

ಕಟ್ಟಿರುವೆ,

ಬರುವುದು ಬೇಡ. ಕಡ್ಡಿ ಇದರ ಜೊತೆಗಿದೆ, ಹತ್ತಿಯಲ್ಲಿ ಸುತ್ತಿದ್ದೇನೆ. ಬೆಳಿಗ್ಗೆ ಕಿತ್ತೆ. ಗುಂಯ್ ಅನ್ನುವುದು ನಿಂತಿತು. ಆ ಡ್ರೈವರಿನ ಸಾವಿನಲ್ಲಿ ನನ್ನ ಪಾಲೂ ಇದೆ. ಇಲ್ಲ ಅಂತ ನೀನು ಸಮಾಧಾನ ಹೇಳಬೇಡ.

ನಾನು ಇಷ್ಟು ದಿನ ಹಿಡಿದುಕೊಂಡದ್ದು ನಿಮಗೆಲ್ಲ ಅದು ಕೊಡುತ್ತಿದ್ದ ಉತ್ತರಕ್ಕಾಗಿ ಅಲ್ಲ. ಅದು ನನ್ನ ಜೊತೆಯೂ ಮಾತಾಡುತ್ತಿತ್ತು.

ನಿಮಗೆ ಮೇಷ್ಟ್ರು, ನನಗೆ ‘ಅವನು’. ಆಫೀಸಿನಿಂದ ದಿನಾ ಮಧ್ಯಾಹ್ನ ಸಂದೇಶ ಕಳಿಸುತ್ತಿದ್ದ. ‘ಊಟ ಆಯ್ತಾ?’ ಒಂದು ದಿನ ಹಾಗೆ, ಇನ್ನೊಂದು ದಿನ ‘ತಿಂದ್ಯಾ ಇಲ್ವಾ?’, ಮತ್ತೊಂದು ದಿನ ‘ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ್ಯೇನೇ?’ ನಾನು ಎದುರಿಗಿದ್ದರೆ ಮಾತಾಡುವವಳಲ್ಲ, ಬರೆಯುವುದಾದರೆ ಬರೆಯುತ್ತೇನೆ. ಲ್ಯಾಬಿನ ಹಿಂದಿನ ಬಾಗಿಲಲ್ಲಿ, ಅಚ್ಚಿನ ಪುಡಿ ಮೆತ್ತಿದ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಮನಸ್ಸಿಗೆ ಬಂದದ್ದೆಲ್ಲ ಅವನಿಗೆ ಬರೆಯುತ್ತಿದ್ದೆ. ಯಾವ ಮುದುಕ ಹಲ್ಲು ಬಿಳಿ ಸಾಲದು ಅಂದ, ನಿನ್ನೆ ನೀನು ಅಂದ ಮಾತಿಗೆ ನನಗೆ ಯಾಕೆ ನೋವಾಯಿತು, ಎಲ್ಲ. ಒಮ್ಮೆ ಫೋನನ್ನು ಮನೆಯಲ್ಲೇ ಮರೆತು ಹೋಗಿದ್ದೆ. ಮಧ್ಯಾಹ್ನ ಅವನು ಏದುಸಿರು ಬಿಡುತ್ತಾ ಲ್ಯಾಬಿನ ಬಾಗಿಲಿಗೇ ಬಂದು ನಿಂತ. ಇಂಥ ಗಂಡ ಯಾರಿಗೆ ಸಿಗ್ತಾನೆ ಅಂತ ಜೊತೆಯವರೆಲ್ಲ ಅಂದರು. ನಾನು ಹಿಗ್ಗಿಹೋದೆ.

ಅವನನ್ನು ಸುಟ್ಟು ಬಂದ ಮರುದಿನ ಮಧ್ಯಾಹ್ನ ನನ್ನ ಫೋನಿಗೆ ಬಂತು. ‘ಊಟ ಆಯ್ತಾ?’

ಉತ್ತರ ಹೇಗೆ ಕೊಡಲಿ? ಫೋನನ್ನು ಬೋರಲು ಹಾಕಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಒಳಗಿನ ಕೋಣೆಯಲ್ಲಿ ಅವನ ಫೋನು ಹುಚ್ಚು ಹಿಡಿದ ಹಾಗೆ ಕಿರುಚಿಕೊಂಡಿತು. ಹೋಗಿ ನೋಡಿದೆ. ಪರದೆಯ ಮೇಲೆ ಬರೆದಿತ್ತು: ‘ಅವಳಿಂದ ಉತ್ತರವಿಲ್ಲ. ಮನೆಗೆ ಹೋಗು.’

ಅಲ್ಲಿಂದ ನಾನು ಆ ಫೋನನ್ನು ಚಾರ್ಜಿಗೆ ಹಾಕಿಯೇ ಇಟ್ಟೆ. ಮಧ್ಯಾಹ್ನ ಮನೆಯಲ್ಲಿದ್ದರೆ ಬೇಕೆಂದೇ ಉತ್ತರ ಕೊಡುತ್ತಿರಲಿಲ್ಲ. ಅದು ಕೂಗಲಿ ಅಂತ. ಅದನ್ನು ಕೇಳಲು ಕಾದು ಕೂರುತ್ತಿದ್ದೆ. ಈ ಮನೆಯಲ್ಲಿ ನನಗಾಗಿ ಹೆದರುವುದು ಅದೊಂದೇ ಉಳಿದಿತ್ತು.

ಈಗ ನೀನು ನನಗೊಂದು ಹೇಳಬೇಕು, ಇದನ್ನು ಬೇರೆ ಯಾರನ್ನೂ ಕೇಳಲಾರೆ. ಹೋದ ಜುಲೈಯಲ್ಲಿ ನನ್ನ ಎದೆಯಲ್ಲಿ ಗಂಟು ಸಿಕ್ಕಿತು. ಡಾಕ್ಟರ ಹತ್ತಿರ ಹೋಗಿ ಬಂದು, ಅವನಿಗೆ ಬಾಯಿಬಿಟ್ಟು ಹೇಳಲಾಗದೆ ಮಧ್ಯಾಹ್ನದ ಉತ್ತರದಲ್ಲಿ ಬರೆದೆ. ಎಲ್ಲ ಬರೆದೆ, ಭಯ ಆಗ್ತಿದೆ ಅಂತಲೂ ಬರೆದೆ. ಸಂಜೆ ಬಂದ. ಚಾ ಕುಡಿದ. ಕೊಡೆಯ ಕಡ್ಡಿಗೆ ತಂತಿ ಸುತ್ತುತ್ತಾ ಕೂತ. ಒಂದು ಮಾತೂ ಕೇಳಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಓದಿಯೂ ಹೀಗಿದ್ದಾನಲ್ಲ, ಎಂಥ ಕಲ್ಲು ಮನುಷ್ಯನ ಜೊತೆ ಬದುಕಿದೆ ಅಂತ ನನ್ನ ಮನಸ್ಸು ಮುರಿದುಹೋಯಿತು. ಅಲ್ಲಿಂದ ಅವನು ಸಾಯುವ ತನಕ ಅವನ ಜೊತೆ ಅಗತ್ಯಕ್ಕೆ ಬೇಕಾದಷ್ಟೇ ಮಾತಾಡಿದೆ.

ಗಂಟು ಕೆಟ್ಟದ್ದೇ ಆಗಿತ್ತು. ಡಿಸೆಂಬರಿನಲ್ಲಿ ತೆಗೆದರು, ಔಷಧಿ ನಡೆಯುತ್ತಿದೆ, ಕೂದಲು ಹೋಗಿದೆ. ಅದು ಹಾಗಿರಲಿ. ನಾನು ಬರೆಯುತ್ತಿದ್ದದ್ದನ್ನು ಅವನು ಓದುತ್ತಿದ್ದನೇ? ಸಮಾಧಾನ ಬೇಡ, ನಿಜ ಹೇಳು.

ನಿನ್ನ ಅಕ್ಕ


ಏಪ್ರಿಲ್ ೧೬

ಅಕ್ಕ,

ಕಡ್ಡಿ ತಲುಪಿತು. ತಿದ್ದಿದ ಓಲೆಕಾರ ಅವತ್ತೇ ಹೊರಗೆ ಹೋದ. ನನ್ನ ಸಹಿಯ ಪಕ್ಕದಲ್ಲಿ ಅವರ ಸಹಿಯನ್ನೂ ನಾನೇ ಹಾಕಿದೆ. ನಾನು ಬರೆದದ್ದನ್ನು ಈ ಸಲ ಯಾರೂ ಓದಲಿಲ್ಲ. ಲ್ಯಾಬಿನವನಿಗೆ, ತಪ್ಪು ನಮ್ಮದು ಅಂತ ಬರೆದೆ. ಅವನಿಂದ ಉತ್ತರವಿಲ್ಲ.

ನಿಮಗೆ ಸುಳ್ಳು ಹೇಳೋಣ ಅಂತಲೇ ಎಷ್ಟೋ ಹಾಳೆ ಹರಿದು ಹಾಕಿದೆ. ಆಗಲಿಲ್ಲ.

ಕಡ್ಡಿಯಿಂದ ಇಂಟರ್ನೆಟ್ಟಿನಲ್ಲಿದ್ದ ಅವರ ಖಾತೆ ತೆರೆಯಿತು. ಅಲ್ಲಿ ‘ಮನೆ’ ಅಂತ ಹೆಸರಿಟ್ಟ ಪುಟ್ಟ ಪ್ರೋಗ್ರಾಮ್ ಇತ್ತು. ನೋಡಿದ ಕೂಡಲೇ ಗುರುತು ಸಿಕ್ಕಿತು. ದೂರದ ಸರ್ವರು ಕೆಟ್ಟಿದೆಯೋ ನಡೆಯುತ್ತಿದೆಯೋ ತಿಳಿಯಲು ನಾವು ಆಗಾಗ ಅದನ್ನು ತಟ್ಟಿ ನೋಡುತ್ತೇವೆ. ಏನಾದರೊಂದು ಉತ್ತರ ಬಂದರೆ ಸಾಕು, ಜೀವ ಇದೆ ಅಂತ ಅರ್ಥ. ಬರದಿದ್ದರೆ ಮನುಷ್ಯನನ್ನು ಎಬ್ಬಿಸು. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಕಾಳಜಿ ಇಲ್ಲ. ಅವರು ಅದನ್ನೇ ನಿಮಗೂ ಮಾಡಿದ್ದರು, ಮಧ್ಯಾಹ್ನ ‘ಊಟ ಆಯ್ತಾ?’ ಅಂತ ತಟ್ಟುತ್ತಿದ್ದದ್ದು ಆ ಪ್ರೋಗ್ರಾಮೇ. ನೀವು ಕೆಲಸದಲ್ಲಿ ತಲೆ ಸುತ್ತಿ ಬಿದ್ದು, ಸಂಜೆಯ ತನಕ ಅವರಿಗೆ ಸುದ್ದಿಯೇ ಹೋಗಿರಲಿಲ್ಲವಂತೆ, ಒಂದು ಸಲ. ಇನ್ನೊಮ್ಮೆ ಹಾಗಾಗಬಾರದು ಅಂತ ಪ್ರೋಗ್ರಾಮಿನ ಮೇಲುಗಡೆ ಬರೆದುಕೊಂಡಿದ್ದಾರೆ.

ನಿಮ್ಮ ಉತ್ತರ ಬಂದ ಕೂಡಲೇ ಪೆಟ್ಟಿಗೆ ‘ಬಂತು’ ಅಂತ ಗುರುತು ಮಾಡಿಕೊಳ್ಳುತ್ತಿತ್ತು. ಉತ್ತರದಲ್ಲಿ ಏನಿದೆ ಅನ್ನುವುದನ್ನು ಅಳಿಸಿಬಿಡುತ್ತಿತ್ತು. ಅದು ಅವರ ಫೋನಿಗೂ ಹೋಗುತ್ತಿರಲಿಲ್ಲ, ಎಲ್ಲಿಯೂ ಉಳಿಯುತ್ತಿರಲಿಲ್ಲ. ನೀವು ‘ಆಯ್ತು’ ಅಂತಷ್ಟೇ ಬರೆಯುತ್ತೀರಿ ಅಂದುಕೊಂಡಿರಬೇಕು, ಅಕ್ಕ. ಮನೆಯಲ್ಲಿ ಮಾತಾಡದ ಹೆಂಡತಿ ಅಲ್ಲಿ ಅಷ್ಟು ಮಾತಾಡುತ್ತಿದ್ದಾಳೆ ಅಂತ ಅವರಿಗೆ ಹೊಳೆಯಲೇ ಇಲ್ಲ.

ಓದಲಿಲ್ಲ. ಒಂದನ್ನೂ ಓದಲಿಲ್ಲ. ಗಂಟಿನ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಅವರು ಕಲ್ಲು ಮನುಷ್ಯರಲ್ಲ.

ನಾನು ಬಂದು ನಿಮ್ಮ ಜೊತೆ ಸ್ವಲ್ಪ ದಿನ ಇರಲೇ? ಆಸ್ಪತ್ರೆಗೆ ಕರೆದುಕೊಂಡು ಹೋಗುವುದಕ್ಕಾದರೂ ಆಗುತ್ತೇನೆ.

ನಿಮ್ಮ ತಂಗಿ,
ಕಟ್ಟಿರುವೆ


ಮೇ ೫

ಕಟ್ಟಿರುವೆ,

ಬಾ. ಪಿಟೀಲು ಇಟ್ಟಿರುವ ಕೋಣೆ ಖಾಲಿ ಇದೆ.

ನೀನು ನಿಜ ಹೇಳಿದ್ದು ಒಳ್ಳೆಯದಾಯಿತು. ಆದರೆ ನಾನು ನಿನಗೆ ಪೂರ್ತಿ ಹೇಳಿರಲಿಲ್ಲ. ಯಾಕೆ ಹಾಗೆ ಕೆದಕಿ ಕೇಳಿದೆ ಅಂತ ಈಗ ಹೇಳುತ್ತೇನೆ.

ಅವನು ಹೋದ ದಿನ ಬೆಳಿಗ್ಗೆ, ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಶೂ ಹಾಕಿಕೊಳ್ಳುತ್ತಾ ಕೇಳಿದ, ‘ನಾನೇನು ಮಾಡ್ದೆ ಹೇಳೇ. ಎರಡು ತಿಂಗಳಾಯ್ತು ನೀನು ಹೀಗಿದ್ದು. ಏನೇ ಇದ್ರೂ ತಿದ್ಕೋತೀನಿ.’

‘ಅಷ್ಟೆಲ್ಲ ಬರೆದಿದ್ನಲ್ಲ ಮಧ್ಯಾಹ್ನ. ಓದಿಲ್ವಾ?’ ಅಂದೆ.

ಅವನು ಕಟ್ಟಿದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದ. ಮುಖ ಕೆಂಪಾಯಿತು. ಆಮೇಲೆ, ‘ಓದಿದೆ’ ಅಂದ.

‘ಓದಿಯೂ ಹೀಗಿದ್ದೀಯಲ್ಲ’ ಅಂದುಬಿಟ್ಟು ನಾನು ಒಳಗೆ ಹೋದೆ. ಬಾಗಿಲು ಹಾಕಿಕೊಂಡ ಸದ್ದಾಯಿತು.

‘ಇಲ್ಲ ಕಣೇ, ಓದಿಲ್ಲ’ ಅಂದಿದ್ದರೆ ಅಲ್ಲೇ ನಿಂತು ಜಗಳ ಆಡುತ್ತಿದ್ದೆ. ಅವನ ಕುತ್ತಿಗೆ ಪಟ್ಟಿ ಹಿಡಿದು, ಅಳುತ್ತಾ ಗಂಟಿನ ವಿಷಯ ಹೇಳಿಬಿಡುತ್ತಿದ್ದೆ. ಅವನು ಶೂ ಬಿಚ್ಚಿ ಒಳಗೆ ಬರುತ್ತಿದ್ದ. ಅವತ್ತು ಆಫೀಸಿಗೆ ಹೋಗುತ್ತಿರಲಿಲ್ಲ.

ನಿನ್ನ ಅಕ್ಕ